ಎತ್ತರದ ಗಾಡಿ, ಹಳೆಯ ಬೆಲ್ಟು

ಸಾಗರದ ಕಡೆಯ ಪರಿಚಿತ ಮೇಷ್ಟರೊಬ್ಬರ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಕಾಲೇಜು ಮನೆಯಿಂದ 40 ಕಿಲೋಮೀಟರ್. ಊರಿಗೆ ಬರುವ ಬಸ್ಸು ದಿನಕ್ಕೆ ಮೂರು. ಅದರಲ್ಲಿ ಬೆಳಗಿನದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅಜ್ಜಿಗೆ ತಿಂಗಳಿಗೆರಡು ಸಲ ಶಿವಮೊಗ್ಗದ ಆಸ್ಪತ್ರೆ. ಹೇಗೂ ಒಂದು ಗಾಡಿ ಬೇಕು ಎಂದು ಎಲ್ಲರೂ ಒಪ್ಪಿದರು. ಯಾವ ಗಾಡಿ ಎಂಬಲ್ಲಿ ಮಾತ್ರ ಎರಡು ಪಕ್ಷವಾಯಿತು. ಮೇಷ್ಟರು ಸಣ್ಣ ಕಾರು ಎಂದರು. ಮಗಳು, "ಅಪ್ಪಾ, ನಮ್ಮ ಮಣ್ಣು ರಸ್ತೆಗೆ ಅದು ತಳ ಹೊಡೆಯುತ್ತೆ, ಅದೇ ದುಡ್ಡಿಗೆ ಹಳೇ ಎಸ್‌ಯುವಿ ಬರುತ್ತೆ" ಎಂದಳು. ಅಜ್ಜಿಯೂ ಮೊಮ್ಮಗಳ ಪಕ್ಷ ಸೇರಿದರು. ಎತ್ತರದ ಗಾಡಿಯಾದರೆ ಹತ್ತಿ ಇಳಿಯಲು ಮೊಣಕಾಲು ಮಡಿಸುವುದು ಕಡಿಮೆ.

ಮೂವರ ಲೆಕ್ಕವೂ ತಪ್ಪಿರಲಿಲ್ಲ. 3,90,000 ರೂಪಾಯಿಗೆ ಹತ್ತು ವರ್ಷ ಹಳೆಯ ಡೀಸೆಲ್ ಗಾಡಿ ಮನೆಗೆ ಬಂತು. ಮೈಮೇಲೆ ಒಂದು ಗೀರಿಲ್ಲ, ಒಳಗೆ ಹೊಸ ಸೀಟ್ ಕವರು, ಮೀಟರಿನಲ್ಲಿ 96,000 ಕಿಲೋಮೀಟರ್. ನಾಲ್ಕು ತಿಂಗಳು ಓಡಿತು. ಐದನೆಯ ತಿಂಗಳ ಒಂದು ಸಂಜೆ, ಜಡಿಮಳೆಯಲ್ಲಿ, ಕಾಲೇಜಿನಿಂದ ಬರುತ್ತಿದ್ದ ಹುಡುಗಿಯ ಕಾಲಡಿಯಲ್ಲಿ ಗಾಡಿ ಸದ್ದಿಲ್ಲದೆ ಸತ್ತುಹೋಯಿತು. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹತ್ತಿರದಲ್ಲಿ ಮನೆಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಹಿಂದೆ ಬಂದ ಹಾಲಿನ ವ್ಯಾನಿನವರು ಅವಳನ್ನು ಊರು ಮುಟ್ಟಿಸಿದರು.

ಮರುದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ. "ಮೇಷ್ಟ್ರೇ, ಟೈಮಿಂಗ್ ಬೆಲ್ಟು ಬದಲಿಸಿದ ಚೀಟಿ ಇದೆಯಾ?"

ಚೀಟಿ ಇರಲಿಲ್ಲ. ಬೆಲ್ಟು ತುಂಡಾಗಿತ್ತು, ವಾಲ್ವ್‌ಗಳು ಬಾಗಿದ್ದವು, ಹೆಡ್ಡು ಇಳಿಸಬೇಕಾಯಿತು. ಬಿಲ್ಲು 78,000 ರೂಪಾಯಿ. ಕಾಲೇಜಿನ ಮುಂದಿನ ಫೀಸಿಗೆಂದು ಎತ್ತಿಟ್ಟ ಹಣ ಅದು. ಗಾಡಿ ಕೊಂಡ ವಾರವೇ ಬೆಲ್ಟು ಬದಲಿಸಿದ್ದರೆ ಸುಮಾರು 12,000ದಲ್ಲಿ ಮುಗಿಯುತ್ತಿತ್ತು. ಗಾಡಿ ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಬೆಲ್ಟು ಇರುವ ಬಹುತೇಕ ಡೀಸೆಲ್ ಎಂಜಿನ್ನುಗಳಿಗೂ ಇದೇ ಗತಿ.

ಇಂಥ ಮನೆಗಳು ಈಗ ಪ್ರತಿ ಊರಿನಲ್ಲೂ ಇವೆ. ರೆನೋ ಡಸ್ಟರ್ 2012ರಲ್ಲಿ, ಫೋರ್ಡ್ ಇಕೋಸ್ಪೋರ್ಟ್ 2013ರಲ್ಲಿ, ಮಾರುತಿ ವಿಟಾರಾ ಬ್ರೆಝಾ 2016ರಲ್ಲಿ ನಮ್ಮ ರಸ್ತೆಗಿಳಿದವು. ಅಂದು ಹತ್ತು ಲಕ್ಷದ ಆಸುಪಾಸಿನಲ್ಲಿ ಹೊಸದಾಗಿ ಕೊಂಡವರು ಮಾರಿ ಬೇರೆಯದಕ್ಕೆ ಹೋಗಿದ್ದಾರೆ. ಎರಡನೆಯ, ಮೂರನೆಯ ಕೈಗೆ ಬಂದಿರುವ ಈ ಗಾಡಿಗಳು ಮೂರರಿಂದ ಆರು ಲಕ್ಷದೊಳಗೆ ಮಧ್ಯಮ ವರ್ಗದ ಕಣ್ಣ ಮುಂದೆ ನಿಂತಿವೆ. ಕೊಳ್ಳುವವರು ನೆನಪಿಡಬೇಕಾದ ಸಂಗತಿ ಒಂದಿದೆ. ಗಾಡಿಯ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ನಾಲ್ಕು ಲಕ್ಷಕ್ಕೆ ಸಿಕ್ಕ ಗಾಡಿಯ ಕ್ಲಚ್ಚಿಗೂ ಟೈರಿಗೂ ಟರ್ಬೊಗೂ ಹನ್ನೆರಡು ಲಕ್ಷದ ಗಾಡಿಯ ದರವನ್ನೇ ತೆರಬೇಕು.

ಒಂದು ಬೆಲ್ಟಿನ ಮಹಿಮೆ

ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಪುಸ್ತಕದಲ್ಲಿ ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರ ನೆನಪಿರಬಹುದು. ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ ಕ್ಯಾಮ್ ಒಂದು ಸುತ್ತು ಬರಬೇಕು. ಗಾಡಿ ಆರಾಮವಾಗಿ ಓಡುವಾಗ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ ಎನ್ನಿ. ಆಗ ಪ್ರತಿಯೊಂದು ವಾಲ್ವ್ ನಿಮಿಷಕ್ಕೆ ಸಾವಿರ ಸಲ, ಎಂದರೆ ಸೆಕೆಂಡಿಗೆ ಹದಿನಾರು ಸಲಕ್ಕೂ ಹೆಚ್ಚು ತೆರೆದು ಮುಚ್ಚುತ್ತದೆ. ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ತಪ್ಪದಂತೆ ನೋಡಿಕೊಳ್ಳುವುದು ಹಲ್ಲುಗಳುಳ್ಳ ಒಂದು ರಬ್ಬರ್ ಬೆಲ್ಟು, ಇಲ್ಲವೆ ಒಂದು ಉಕ್ಕಿನ ಚೈನು.

ಡೀಸೆಲ್ ಎಂಜಿನ್ನಿನಲ್ಲಿ ಈ ತಾಳ ತಪ್ಪಿದರೆ ಏಕೆ ಅನಾಹುತ? ಡಸ್ಟರಿನ 1,461 ಸಿಸಿ ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. ನಾಲ್ಕು ಸಿಲಿಂಡರಿಗೆ ಹಂಚಿದರೆ ಒಂದೊಂದಕ್ಕೆ 365 ಸಿಸಿ. ಪಿಸ್ಟನ್ ಮೇಲಕ್ಕೆ ಬಂದಾಗ ಅಷ್ಟೂ ಗಾಳಿ ಸುಮಾರು 25 ಸಿಸಿ ಜಾಗಕ್ಕೆ, ಅಂದರೆ ಐದು ಟೀ ಚಮಚದಷ್ಟು ಜಾಗಕ್ಕೆ, ಅಡಕವಾಗುತ್ತದೆ. ಅಲ್ಲಿ ತೆರೆದ ವಾಲ್ವಿಗೆ ನಿಲ್ಲಲು ಸ್ಥಳವೇ ಇಲ್ಲ. ಬೆಲ್ಟು ತುಂಡಾದ ಕ್ಷಣ ಕ್ಯಾಮ್ ನಿಂತುಬಿಡುತ್ತದೆ. ಚಕ್ರಗಳ ಓಟದಲ್ಲಿ ಕ್ರ್ಯಾಂಕ್ ಇನ್ನೂ ತಿರುಗುತ್ತಿರುತ್ತದೆ. ಮೇಲೇರಿ ಬಂದ ಪಿಸ್ಟನ್, ಬಾಯ್ದೆರೆದು ನಿಂತ ವಾಲ್ವನ್ನು ಗುದ್ದುತ್ತದೆ. ಮುಂದಿನದು ಮೇಷ್ಟರ ಬಿಲ್ಲಿನಲ್ಲಿದೆ.

ರಬ್ಬರಿಗೆ ಓಟದಂತೆಯೇ ವಯಸ್ಸೂ ಲೆಕ್ಕ. ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂದು ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ. "ಗಾಡಿ ಓಡೇ ಇಲ್ಲ ಸಾರ್, ಮನೇಲೇ ನಿಂತಿತ್ತು" ಎಂಬುದು ಮಾರುವವರ ಮೆಚ್ಚಿನ ಮಾತು. ನಿಂತ ಗಾಡಿಯ ರಬ್ಬರೂ ಮುದಿಯಾಗುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ಬದಲಿಸಿದ್ದಕ್ಕೆ ಚೀಟಿ ಇಲ್ಲವೆಂದರೆ ಬದಲಿಸಿಲ್ಲವೆಂದೇ ಹಿಡಿಯಿರಿ. ಬೆಲ್ಟು, ಅದರ ಟೆನ್ಷನರ್, ಐಡ್ಲರ್ ಬೇರಿಂಗ್, ಜೊತೆಗೆ ವಾಟರ್ ಪಂಪು ಸೇರಿ ಒಳ್ಳೆಯ ಖಾಸಗಿ ಗ್ಯಾರೇಜಿನಲ್ಲಿ 10,000ದಿಂದ 15,000 ಆಗುತ್ತದೆ. ಬೆಲ್ಟೊಂದನ್ನೇ ಹಾಕಿಸಿ ನಾಲ್ಕು ಸಾವಿರ ಉಳಿಸುವುದು ಬೇಡ. ಬೇರಿಂಗ್ ಹಿಡಿದರೂ ಹೊಸ ಬೆಲ್ಟು ಕಿತ್ತುಹೋಗುತ್ತದೆ.

ಡಸ್ಟರಿನ ಡೀಸೆಲ್‌ಗೂ ಇಕೋಸ್ಪೋರ್ಟಿನ 1.5 ಡೀಸೆಲ್‌ಗೂ ಇರುವುದು ಬೆಲ್ಟು. ಬ್ರೆಝಾದ 1,248 ಸಿಸಿ ಡೀಸೆಲ್‌ಗೆ ಚೈನು. ಚೈನಿಗೆ ಕಾಲಮಿತಿ ಇಲ್ಲವೆಂದು ನೆಮ್ಮದಿಯಾಗಿರುವಂತೆಯೂ ಇಲ್ಲ. ಆಯಿಲ್ ಬದಲಿಸುವುದರಲ್ಲಿ ಸೋಮಾರಿತನ ಮಾಡಿದ ಗಾಡಿಯಲ್ಲಿ ಚೈನು ಹಿಗ್ಗಿ, ಬೆಳಿಗ್ಗೆ ಎಂಜಿನ್ ಎದ್ದೊಡನೆ ಗಿಲಕಿಯಾಡಿಸಿದಂತೆ ಸದ್ದು ಬರುತ್ತದೆ. ಒಂದೆರಡು ಸೆಕೆಂಡಿನಲ್ಲಿ ನಿಲ್ಲುವ ಆ ಸದ್ದನ್ನು ಕೇಳಬೇಕೆಂದರೆ ಎಂಜಿನ್ ತಣ್ಣಗಿರಬೇಕು. ಆ ಮಾತಿಗೆ ಮತ್ತೆ ಬರುತ್ತೇನೆ.

ಇಕೋಸ್ಪೋರ್ಟಿನ 1.0 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನದು ಬೇರೆಯೇ ಕಥೆ. ಮೂರು ಸಿಲಿಂಡರಿನ ಈ ಪುಟ್ಟ ಎಂಜಿನ್ ಹೊರಬಂದಾಗ ಎಲ್ಲೆಡೆ ಹೊಗಳಿಕೆ. ಇದರ ಬೆಲ್ಟು ಹೊರಗೆ ಒಣಗಿರದೆ ಎಂಜಿನ್ ಒಳಗೆ ಆಯಿಲಿನಲ್ಲಿ ತೊಯ್ದೇ ತಿರುಗುತ್ತದೆ. 2017ರ ಕೊನೆಯಲ್ಲಿ ಬಂದ 1.5 ಲೀಟರಿನ ಮೂರು ಸಿಲಿಂಡರ್ ಪೆಟ್ರೋಲಿನದೂ ಇದೇ ಏರ್ಪಾಡು. ಸದ್ದು ಕಡಿಮೆ, ಘರ್ಷಣೆ ಕಡಿಮೆ. ಆದರೆ ಯಾವುದೋ ದರ್ಜೆಯ ಆಯಿಲ್ ಹಾಕಿದರೆ, ಅಥವಾ ಹಳೆಯ ಆಯಿಲಿನಲ್ಲೇ ವರ್ಷ ದೂಡಿದರೆ, ಬೆಲ್ಟು ಪುಡಿ ಬಿಡಲು ಶುರುಮಾಡುತ್ತದೆ. ಆ ಪುಡಿ ಆಯಿಲ್ ಹೀರುವ ಜಾಲರಿಯನ್ನು ಕಟ್ಟುತ್ತದೆ. ಬೆಲ್ಟು ತುಂಡಾಗದಿದ್ದರೂ ಆಯಿಲ್ ಒತ್ತಡ ಕುಸಿದು ಟರ್ಬೊ ಮತ್ತು ಬೇರಿಂಗುಗಳು ಹೋಗುತ್ತವೆ. ಈ ಬೆಲ್ಟು ಬದಲಿಸಲು ವಿಶೇಷ ಉಪಕರಣ ಬೇಕು, ಎಂಜಿನ್ ಮುಂಭಾಗ ಬಿಚ್ಚಬೇಕು. ಖರ್ಚು ಸಾಮಾನ್ಯ ಬೆಲ್ಟಿನ ಹಲವು ಪಟ್ಟು. ಹತ್ತು ವರ್ಷ ದಾಟಿದ ಈ ಎಂಜಿನ್ ಕೊಳ್ಳುವ ಮನಸ್ಸಿದ್ದರೆ, ಈ ಕೆಲಸ ಬಲ್ಲ ಗ್ಯಾರೇಜು ನಿಮ್ಮ ಜಿಲ್ಲೆಯಲ್ಲಿದೆಯೇ ಎಂದು ಮೊದಲು ವಿಚಾರಿಸಿ, ದರ ಬರೆಸಿಕೊಂಡು, ಆಮೇಲೆ ಗಾಡಿಯ ಬೆಲೆ ಮಾತನಾಡಿ.

ನೀರಿನಲ್ಲಿರುವ ಎಮ್ಮೆ

ನೀರೊಳಗಿರುವ ಎಮ್ಮೆಯನ್ನು ವ್ಯಾಪಾರ ಮಾಡಬಾರದು ಎನ್ನುತ್ತಾರೆ ಹಳ್ಳಿಯಲ್ಲಿ. ಬಿಸಿ ಎಂಜಿನ್ನಿನ ವ್ಯಾಪಾರವೂ ಹಾಗೆಯೇ. ನೀವು ಹೋಗುವ ಹೊತ್ತಿಗೆ ಗಾಡಿಯನ್ನು ಒಂದು ಸುತ್ತು ಓಡಿಸಿ, ತೊಳೆದು, ಎಂಜಿನ್ ಬೆಚ್ಚಗೆ ಮಾಡಿ ನಿಲ್ಲಿಸಿರುತ್ತಾರೆ. ಬಾನೆಟ್ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ, "ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಎಬ್ಬಿಸಬೇಡಿ" ಎಂದು ಹೇಳಿ ಕಾಫಿ ಕುಡಿದು ಬನ್ನಿ. ತಣ್ಣನೆಯ ಡೀಸೆಲ್ ಎಂಜಿನ್ ತನ್ನ ರೋಗವನ್ನು ಮುಚ್ಚಿಡುವುದಿಲ್ಲ. ಎದ್ದೇಳಲು ಹೆಚ್ಚು ಹೊತ್ತು ತೆಗೆದುಕೊಂಡರೆ ಇಂಜೆಕ್ಟರ್, ಗ್ಲೋ ಪ್ಲಗ್ ಅಥವಾ ಕಂಪ್ರೆಷನ್ ಮೇಲೆ ಅನುಮಾನ. ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಡದೆ ಬಂದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಅರೆಗಳಿಗೆಯ ಆವಿಗೆ ಹೆದರಬೇಕಾಗಿಲ್ಲ.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಕ್ಯಾನಿಕ್ ಕೈಯಲ್ಲಿ ಸಡಿಲಿಸಿ ನೋಡಿಸಿ. ಮುಚ್ಚಳ ಕುಣಿದು ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗು ಸವೆದಿದೆ. ಅಲ್ಲಿಗೆ ಮಾತು ಮುಗಿಸಿ ಎದ್ದು ಬನ್ನಿ. ಡೀಸೆಲ್ ಎಂಜಿನ್ನಿನ ಪೂರ್ತಿ ಕೆಲಸ ಲಕ್ಷದ ಕೆಳಗೆ ಮುಗಿಯುವುದು ಅಪರೂಪ.

ಆಯಿಲಿನ ಬಗ್ಗೆ ಇನ್ನೊಂದು ಮಾತು. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಬದಲಿಸುವ ಖರ್ಚು 4,000ದಿಂದ 6,000. ಇಷ್ಟನ್ನು ತಪ್ಪಿಸಿದ ಗಾಡಿಯಲ್ಲಿ ಮೊದಲು ಸಾಯುವುದು ಟರ್ಬೊ. ಅದರ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತು ತಿರುಗುತ್ತದೆ. ನಡುವೆ ಇರುವುದು ಆಯಿಲಿನ ತೆಳು ಪೊರೆ ಮಾತ್ರ. ಹೊಸ ಟರ್ಬೊ 40,000ದಿಂದ 70,000. ರಿಪೇರಿ ಮಾಡಿಸಿದ್ದು ಅದರ ಅರ್ಧಕ್ಕಿಂತ ಕಡಿಮೆಗೆ ಬರುತ್ತದೆ, ಮಾಡಿದವರ ಕೈಗುಣದ ಮೇಲೆ ಬಾಳುತ್ತದೆ. ಡಸ್ಟರಿನ 85 ಅಶ್ವಶಕ್ತಿಯ ಎಂಜಿನ್ನಿಗೂ 110ರದಕ್ಕೂ ಇರುವ ಮುಖ್ಯ ವ್ಯತ್ಯಾಸ ಈ ಟರ್ಬೊದಲ್ಲೇ. 85ರದು ಸರಳ ಜಾತಿ. 110ರದಕ್ಕೆ ಒಳಗೆ ತೆರೆದು ಮುಚ್ಚುವ ರೆಕ್ಕೆಗಳಿವೆ. ಘಾಟಿ ಹತ್ತುವಾಗ ಎರಡನೆಯದರ ಸುಖವೇ ಸುಖ, ರಿಪೇರಿಗೆ ಬಂದಾಗ ಮೊದಲನೆಯದೇ ಮೇಲು. ಕಾಲೇಜಿಗೆ ಹೋಗಿ ಬರುವುದಕ್ಕೆ 85 ಸಾಕೆಂಬುದು ನನ್ನ ಅಭಿಪ್ರಾಯ, ಮಕ್ಕಳು ಒಪ್ಪಲಿಕ್ಕಿಲ್ಲ.

ಇಂಜೆಕ್ಟರಿನ ವಿಷಯದಲ್ಲಿ ಡೀಸೆಲ್ ಎಂಜಿನ್ನುಗಳೆಲ್ಲ ದುಬಾರಿ. ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮಿಗಿಲಾದ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಈ ಸೂಕ್ಷ್ಮ ಯಂತ್ರಕ್ಕೆ ನೀರು ಬೆರೆತ ಒಂದು ಟ್ಯಾಂಕ್ ಡೀಸೆಲ್ ಸಾಕು. ಹೊಸದೊಂದಕ್ಕೆ 15,000ದಿಂದ 25,000, ಇರುವುದು ನಾಲ್ಕು. ಡೀಸೆಲ್ ಫಿಲ್ಟರಿಗೆ ಸಾವಿರದಿಂದ ಎರಡು ಸಾವಿರ. ಯಾವುದರಲ್ಲಿ ಉಳಿತಾಯ ಮಾಡಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಎಡಗಾಲು, ಗುಂಡಿ ಮತ್ತು ಗೇರು

ಹೊಸದಾಗಿ ಕಲಿತ ಮಕ್ಕಳ ಕೈಗೆ ಬಂದ ಗಾಡಿಯಲ್ಲಿ ಬೇಗ ಸವೆಯುವುದು ಕ್ಲಚ್ಚು. ಏರಿನಲ್ಲಿ ಬ್ರೇಕು ಹಿಡಿಯುವ ಬದಲು ಅರೆ ಕ್ಲಚ್ಚಿನಲ್ಲಿ ಗಾಡಿಯನ್ನು ನಿಲ್ಲಿಸಿಕೊಳ್ಳುವುದು, ಓಡುವಾಗಲೂ ಎಡಗಾಲನ್ನು ಪೆಡಲ್ ಮೇಲೆಯೇ ಇಟ್ಟಿರುವುದು — ಇವೆರಡು ಚಾಳಿ ಬಿಡಿಸಿದರೆ ಕ್ಲಚ್ಚು ಎರಡು ಪಟ್ಟು ಬಾಳುತ್ತದೆ. ಕೊಳ್ಳುವ ಮುನ್ನ ಮೂರನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಒಮ್ಮೆಲೆ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್, ಕೂಲಿ ಸೇರಿ 12,000ದಿಂದ 20,000. ಕೆಲವು ಡೀಸೆಲ್ ಗಾಡಿಗಳಲ್ಲಿ ಕಂಪನ ತಡೆಯಲು ಎರಡು ಪದರದ ಫ್ಲೈವೀಲ್ ಇರುತ್ತದೆ. ಅದೂ ಹೋಗಿದ್ದರೆ ಲೆಕ್ಕ ನಲವತ್ತು ಸಾವಿರ ದಾಟುತ್ತದೆ. ಕ್ಲಚ್ಚು ಬಿಡುವಾಗ ಗಾಡಿ ಗಡಗಡ ನಡುಗಿದರೆ ಈ ಪ್ರಶ್ನೆ ಕೇಳಿ.

ಗೇರು ಹಾಕುವ ಗೋಜೇ ಬೇಡ, ಆಟೊಮ್ಯಾಟಿಕ್ ಇರಲಿ ಎನ್ನುವವರು ಒಂದು ಗಳಿಗೆ ನಿಲ್ಲಿ. 2013ರಿಂದ 2017ರವರೆಗಿನ ಆಟೊಮ್ಯಾಟಿಕ್ ಇಕೋಸ್ಪೋರ್ಟಿನಲ್ಲಿ ಇದ್ದದ್ದು ಪವರ್‌ಶಿಫ್ಟ್ ಎಂಬ ಎರಡು ಕ್ಲಚ್ಚಿನ ಗೇರ್‌ಬಾಕ್ಸ್. ಇದೇ ಜಾತಿಯ ಗೇರ್‌ಬಾಕ್ಸ್ ಕುರಿತ ಗ್ರಾಹಕರ ದೂರುಗಳನ್ನು ಸರಿಯಾಗಿ ನಿಭಾಯಿಸಲಿಲ್ಲವೆಂದು ಆಸ್ಟ್ರೇಲಿಯದ ನ್ಯಾಯಾಲಯ 2018ರಲ್ಲಿ ಕಂಪನಿಯ ಅಲ್ಲಿನ ಶಾಖೆಗೆ ಒಂದು ಕೋಟಿ ಡಾಲರ್ ದಂಡ ಹಾಕಿತು. 2017ರ ಕೊನೆಯಲ್ಲಿ ಬಂದ ಹೊಸ ಮಾದರಿಗೆ ಹಳೆಯ ಕಾಲದ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಹಾಕಿದರು. ಬೇಕೇಬೇಕೆಂದರೆ ಅದನ್ನೇ ನೋಡಿ. ಯಾವ ಕಂಪನಿಯದಾದರೂ ಸರಿ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟರೆ ಲಕ್ಷದ ಮಾತು.

ಗಾಡಿ ಎತ್ತರವಿದೆ, ಎಂಥ ಗುಂಡಿಗೂ ಹೆದರುವುದಿಲ್ಲ ಎಂಬ ನಂಬಿಕೆ ಇದೆಯಲ್ಲ, ಹಳೆಯ ಎಸ್‌ಯುವಿಗಳ ಸಸ್ಪೆನ್ಷನ್ ಹಾಳು ಮಾಡಿರುವುದೇ ಅದು. ಡಸ್ಟರಿನ ತಳ ನೆಲದಿಂದ 205 ಮಿಲಿಮೀಟರ್, ಇಕೋಸ್ಪೋರ್ಟಿನದು 200. ಮೊದಲ ಮಾಲೀಕ ಆ ಎತ್ತರದ ಧೈರ್ಯದಲ್ಲಿ ಕಾಫಿ ತೋಟದ ರಸ್ತೆಯಲ್ಲಿ, ಕಲ್ಲು ಕ್ವಾರಿಯ ದಾರಿಯಲ್ಲಿ ನುಗ್ಗಿಸಿರುತ್ತಾನೆ. ಸಣ್ಣ ಗುಂಡಿಗಿಳಿದಾಗ ಮುಂದಿನಿಂದ ಟಕಟಕ ಬಂದರೆ ಲಿಂಕ್ ರಾಡು, ಜೋಡಿಗೆ ಎರಡು ಮೂರು ಸಾವಿರ. ಧಡ್ ಎಂದು ದಪ್ಪ ಸದ್ದಾದರೆ ಲೋಯರ್ ಆರ್ಮಿನ ಬುಷ್ ಅಥವಾ ಬಾಲ್ ಜಾಯಿಂಟ್, ಎರಡೂ ಕಡೆಗೆ ಆರರಿಂದ ಹತ್ತು ಸಾವಿರ. ಸ್ಟಿಯರಿಂಗ್ ತಿರುಗಿಸಿಕೊಂಡು ಹೋಗುವಾಗ ಕಟಕಟ ಎಂದರೆ ಆಕ್ಸಲಿನ ಸಿವಿ ಜಾಯಿಂಟ್. ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸುವುದಾದರೆ 15,000ದಿಂದ 25,000. ಇವು ಯಾವುವೂ ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸುವುದಿಲ್ಲ, ಹಾಗಾಗಿ ಜನ ಮುಂದೂಡುತ್ತಾರೆ. ಮಳೆಯಲ್ಲಿ ತಿರುವಿನಲ್ಲಿ ಬ್ರೇಕು ಹಿಡಿದಾಗ ಗಾಡಿ ಎತ್ತಲೋ ಎಳೆದರೆ ಆಗ ಗೊತ್ತಾಗುತ್ತದೆ.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕೆಗಳ ಮುದ್ರೆ ಇರುತ್ತದೆ. 2318 ಎಂದಿದ್ದರೆ 2018ರ 23ನೆಯ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಏಳೆಂಟು ವರ್ಷದ ಟೈರನ್ನು ಮಗಳ ಗಾಡಿಗೆ ಬಿಡಬೇಡಿ. ಈ ಗಾಡಿಗಳಿಗೆ ಬರುವುದು ಹದಿನೈದು, ಹದಿನಾರು ಇಂಚಿನ ಅಗಲ ಟೈರು. ನಾಲ್ಕಕ್ಕೆ 28,000ದಿಂದ 40,000. ಸ್ಟೆಪ್ನಿ ಟೈರಿನ ಮುದ್ರೆಯನ್ನೂ ಓದಿ. ಗಾಡಿಯ ಜೊತೆಗೇ ಬಂದು, ಒಮ್ಮೆಯೂ ಕೆಳಗಿಳಿಯದ ಟೈರು ಹಲವು ಗಾಡಿಗಳ ಬೆನ್ನಿನಲ್ಲಿ ನೇತಾಡುತ್ತಿರುತ್ತದೆ.

ಏಸಿ ಕೈಕೊಟ್ಟರೆ ಕಂಪ್ರೆಸರಿಗೆ ಇಪ್ಪತ್ತರಿಂದ ಮೂವತ್ತು ಸಾವಿರ, ಬ್ಯಾಟರಿಗೆ ಆರರಿಂದ ಎಂಟು. ಈ ಎಲ್ಲ ದರಗಳೂ ಖಾಸಗಿ ಗ್ಯಾರೇಜಿನವು, ಅಂದಾಜು ಲೆಕ್ಕ. ಕಂಪನಿಯ ಸರ್ವಿಸ್ ಸ್ಟೇಷನ್ನಿನಲ್ಲಿ ಮೂರನೆಯ ಒಂದು ಪಾಲು ಹೆಚ್ಚೇ ಇಟ್ಟುಕೊಳ್ಳಿ.

ಕಂಪನಿ ಹೋಯಿತು, ಗಾಡಿ ಉಳಿಯಿತು

ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಹಳೆಯ ತಲೆಮಾರಿನ ಡಸ್ಟರ್ 2022ರ ಆರಂಭದಲ್ಲಿ ನಿಂತಿತು. ಅದರ ಡೀಸೆಲ್ 2020ರಲ್ಲೇ ಹೋಗಿತ್ತು. ಬ್ರೆಝಾದ ಡೀಸೆಲ್ಲೂ ಅದೇ ವರ್ಷ ನಿಂತಿತು. ಹಾಗಾದರೆ ಬಿಡಿಭಾಗ ಸಿಗುತ್ತದೆಯೇ ಎಂಬುದು ತಂದೆತಾಯಿಯರ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಎಂಜಿನ್ನಿನಲ್ಲೂ ಬಾಡಿಯಲ್ಲೂ ಬೇರೆ ಬೇರೆ. ಬ್ರೆಝಾದ 1,248 ಸಿಸಿ ಎಂಜಿನ್ ಮೂಲದಲ್ಲಿ ಫಿಯಟ್‌ನದು. ಸ್ವಿಫ್ಟ್, ಡಿಸೈರ್ ಮೂಲಕ ಊರೂರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿದೆ. ಅದನ್ನು ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್ ತಾಲೂಕಿಗೆ ನಾಲ್ವರಾದರೂ ಸಿಗುತ್ತಾರೆ. ಡಸ್ಟರಿನ 1.5 ಡೀಸೆಲ್ ಜಾತಿಯ ಎಂಜಿನ್ ನಿಸ್ಸಾನ್ ಟೆರಾನೊ, ಸನ್ನಿ, ಮಹೀಂದ್ರಾ ವೆರಿಟೊಗಳಲ್ಲೂ ಇತ್ತು, ಆದ್ದರಿಂದ ಬೆಲ್ಟಿಗೆ, ಫಿಲ್ಟರಿಗೆ ಪರದಾಟವಿಲ್ಲ. ಕಷ್ಟ ಬರುವುದು ಹೆಡ್‌ಲೈಟ್, ಬಂಪರ್, ಬಾಗಿಲು, ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ. ಅಪಘಾತವಾದ ಗಾಡಿ ಬಾಡಿ ಭಾಗ ಬರುವವರೆಗೆ ತಿಂಗಳುಗಟ್ಟಲೆ ನಿಲ್ಲಬೇಕಾಗಬಹುದು. ಹಾಗಾಗಿ ಹತ್ತು ಸಾವಿರ ಹೆಚ್ಚು ಕೊಟ್ಟರೂ ಸರಿ, ಹತ್ತಿರದಲ್ಲಿ ರಿಪೇರಿ ಇರುವ ಗಾಡಿಯನ್ನೇ ಆರಿಸಬೇಕು. ಬೆಂಗಳೂರಿನಲ್ಲಿರುವವರ ಆಯ್ಕೆ ಸಿರಸಿಯವರಿಗೂ ಸಲ್ಲಬೇಕೆಂದಿಲ್ಲ.

2020ರ ಏಪ್ರಿಲ್ ನಂತರ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಒಂದಿದೆ. ಹೆದ್ದಾರಿಯಲ್ಲಿ ಆಗಾಗ್ಗೆ ಇಪ್ಪತ್ತು ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ಕಾಲೇಜಿಗೆ ನಾಲ್ಕು ಕಿಲೋಮೀಟರ್ ಇರುವವರು ಡೀಸೆಲ್ ಕೊಳ್ಳಲೇಬಾರದು. ಆ ಫಿಲ್ಟರ್ ಕಟ್ಟಿಕೊಂಡರೆ ಲೀಟರಿಗೆ ಉಳಿಸಿದ್ದೆಲ್ಲ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ.

ಮೋಸದ ಗಾಡಿಗಳ ಬಗ್ಗೆ ಪುಸ್ತಕವನ್ನೇ ಬರೆಯಬಹುದು. ಮೀಟರ್ ಹಿಂದಕ್ಕೆ ತಿರುಗಿಸುವುದು ಈಗ ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷದ ಕೆಲಸ. ಹಳೆಯ ಸರ್ವಿಸ್ ಬಿಲ್ಲಿನ ಅಂಕೆಯ ಜೊತೆ ತಾಳೆ ನೋಡಿ. 50,000 ಓಡಿದ ಗಾಡಿಯ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಚೆನ್ನೈಯಲ್ಲಿ 2015ರಲ್ಲಿ, ಕೇರಳ, ಕೊಡಗಿನಲ್ಲಿ 2018ರಲ್ಲಿ, ಬೆಂಗಳೂರಿನಲ್ಲಿ 2022ರಲ್ಲಿ ನೆರೆ ಬಂದು ಎಷ್ಟೋ ಗಾಡಿಗಳು ನೀರಿನಲ್ಲಿ ನಿಂತವು. ಅಂಥದನ್ನು ಪತ್ತೆ ಹಚ್ಚಲು ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆಯಿರಿ. ಸೀಟ್ ಕವರು ಬದಲಿಸುವವರು ಬೆಲ್ಟಿನ ಒಳತುದಿಯ ಕೆಸರಿನ ಗೆರೆಯನ್ನು ಮರೆತಿರುತ್ತಾರೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೇ ಉಳಿದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಕಿತ್ತಿರಬಹುದು, ಒಳಗೆ ಏರ್‌ಬ್ಯಾಗ್ ಇಲ್ಲದೆಯೂ ಇರಬಹುದು. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಅದಕ್ಕೂ ಹಿಂದಿನ ಕಡಿಮೆ ಬೆಲೆಯ ಮಾದರಿಗಳಲ್ಲಿ ಅದು ಇತ್ತೇ ಎಂದು ಖಚಿತಪಡಿಸಿಕೊಳ್ಳಿ. ಓಡಿಸುವುದು ಹತ್ತೊಂಬತ್ತು ವರ್ಷದ ಮಗು ಎಂದಮೇಲೆ ಸನ್‌ರೂಫ್‌ಗಿಂತ ಇದು ಮೊದಲು.

ಕಾಗದದ ಕೆಲಸವನ್ನು ಬ್ರೋಕರಿಗೆ ಒಪ್ಪಿಸಿ ಮರೆಯುವವರೇ ಹೆಚ್ಚು. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30, ಹಳೆಯ ಸಾಲವಿದ್ದರೆ ಬ್ಯಾಂಕಿನ ಫಾರಂ 35 ಬೇಕು. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿನ ಅಗ್ಗದ ಗಾಡಿಗಳು ದಕ್ಷಿಣಕ್ಕೆ ಹರಿದುಬಂದವು. ಅಂಥದಕ್ಕೆ ಅಲ್ಲಿನ ಎನ್‌ಒಸಿ ತಂದು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸಬೇಕು. ಆ ಲೆಕ್ಕ ಸೇರಿಸಿದರೆ ಅಗ್ಗ ಎಂಬುದು ಅಷ್ಟು ಅಗ್ಗವಾಗಿ ಉಳಿಯುವುದಿಲ್ಲ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಅವನ ಜೊತೆಯೇ ಹೋಗುತ್ತದೆ. ನಿಮ್ಮ ಹಳೆಯ ಕಾರು ಮಾರಿ ಇದನ್ನು ಕೊಳ್ಳುತ್ತಿದ್ದರೆ ಅದರ ವರ್ಗಾವಣೆಯನ್ನೂ ಬೆನ್ನುಹತ್ತಿ ಮಾಡಿಸಿ. ದಾಖಲೆಯಲ್ಲಿ ಹೆಸರಿರುವವನೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಇನ್ನು ಹದಿನೆಂಟು ತುಂಬದ ಪಿಯುಸಿ ಹುಡುಗರ ಕೈಗೆ ಕೀ ಕೊಡುವ ತಂದೆಯರು 2019ರ ತಿದ್ದುಪಡಿಯನ್ನು ಓದಿಕೊಳ್ಳಲಿ: ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ.

ಎಲ್ಲ ನೋಡಿ ಒಪ್ಪಿಗೆಯಾದರೂ ಮುಂಗಡ ಕೊಡುವ ಮುನ್ನ ನಿಮಗೆ ಬೇಕಾದ ಮೆಕ್ಯಾನಿಕ್‌ಗೆ ಸಾವಿರವೋ ಎರಡು ಸಾವಿರವೋ ಕೊಟ್ಟು ಗಾಡಿಯನ್ನು ಲಿಫ್ಟಿಗೆ ಎತ್ತಿಸಿ, ಸ್ಕ್ಯಾನರ್ ಹಾಕಿಸಿ. ಮಾರುವವನು ತೋರಿಸಿದ ಮೆಕ್ಯಾನಿಕ್ ಬೇಡ. ಗಾಡಿಯ ಬೆಲೆಯ ಜೊತೆಗೆ 60,000ದಿಂದ 80,000 ಬೇರೆ ಎತ್ತಿಟ್ಟು ಕೊಳ್ಳುವುದು ಕ್ಷೇಮ. ನಾಲ್ಕು ಲಕ್ಷ ಇದ್ದರೆ ಮೂರೂ ಕಾಲರ ಗಾಡಿ ನೋಡಿ.

ಮೇಷ್ಟರು ಆ 78,000 ಹೊಂದಿಸಲು ಸೊಸೈಟಿಯಲ್ಲಿ ಸಾಲ ಎತ್ತಿದರು. ಗಾಡಿ ಗ್ಯಾರೇಜಿನಲ್ಲಿದ್ದ ಐದು ವಾರ ಮಗಳು ಬೆಳಿಗ್ಗೆ ಐದಕ್ಕೆದ್ದು ಎರಡು ಬಸ್ಸು ಬದಲಿಸಿ ಕಾಲೇಜಿಗೆ ಹೋದಳು. ಅಜ್ಜಿಯನ್ನು ಆಸ್ಪತ್ರೆಗೆ ಬಾಡಿಗೆ ಕಾರಿನಲ್ಲಿ ಕರೆದೊಯ್ದರು. ಅವಳು ಓದುತ್ತಿರುವುದು ಮೆಕ್ಯಾನಿಕಲ್. ರಜೆಯ ದಿನ ಗ್ಯಾರೇಜಿಗೆ ಹೋಗಿ, ಬಾಗಿದ ವಾಲ್ವ್ ಒಂದನ್ನು ಕೇಳಿ ತಂದಳು. ಅದೀಗ ಅವಳ ಓದುವ ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಭಾರವಾಗಿದೆ. ಗಾಡಿ ಬಿಡಿಸಿಕೊಂಡು ಬಂದ ದಿನ ಬಾನೆಟ್ಟಿನ ಒಳಗೆ, ಎಲ್ಲರಿಗೂ ಕಾಣುವಂತೆ, ಬಿಳಿ ಬಣ್ಣದಲ್ಲಿ ಬೆಲ್ಟು ಬದಲಿಸಿದ ತಾರೀಕನ್ನೂ ಕಿಲೋಮೀಟರನ್ನೂ ಅವಳೇ ಬರೆದಳು. ಬಿಲ್ಲನ್ನು ಮೇಷ್ಟರು ಆರ್‌ಸಿ ಪುಸ್ತಕದ ಜೊತೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಟ್ಟಿದ್ದಾರೆ.